ಅಶ್ವಗಂಧದ ರೋಮಬೇರು: ಎಲೆಯ ಗಾಯದಿಂದ ಫ್ಲಾಸ್ಕಿನ ತನಕ

ಎಲೆಗೆ ಬ್ಯಾಕ್ಟೀರಿಯಾದ ಸೋಂಕು ತಗುಲಿಸಿ ಎರಡು ವಾರ ಕಳೆದ ಮೇಲೆ ಪೆಟ್ರಿ ತಟ್ಟೆಯನ್ನು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು ನೋಡಿ. ಅಶ್ವಗಂಧದ ಎಲೆಯ ನಡುನರದ ಮೇಲೆ ನೀವು ಸೂಜಿಯಿಂದ ಚುಚ್ಚಿದ ಜಾಗ ತುಸು ಉಬ್ಬಿರುತ್ತದೆ. ಆ ಉಬ್ಬಿನಿಂದ ಹಾಲುಬಿಳುಪಿನ ಎಳೆಯೊಂದು ಹೊರಟಿರುತ್ತದೆ. ಅದರ ಮೈತುಂಬ ಇಬ್ಬನಿ ಹಿಡಿದಂತೆ ನವಿರಾದ ರೋಮ. ಮಾಮೂಲಿ ಬೇರಿನಂತೆ ಅದು ತಲೆ ಕೆಳಗೆ ಮಾಡಿ ಅಗರ್‌ನೊಳಗೆ ಇಳಿಯುವುದಿಲ್ಲ. ಅಡ್ಡಡ್ಡ ಚಾಚುತ್ತದೆ, ಕೆಲವೊಮ್ಮೆ ಮೇಲಕ್ಕೂ ಏಳುತ್ತದೆ, ನಾಲ್ಕೇ ದಿನದಲ್ಲಿ ಕವಲೊಡೆಯುತ್ತದೆ. ಇದೇ ಹೇರಿ ರೂಟ್. ನಮ್ಮ ಪ್ರಯೋಗಾಲಯದಲ್ಲಿ ನಾವು ರೋಮಬೇರು ಎನ್ನುತ್ತೇವೆ.

ಈ ಲೇಖನ ಮುಖ್ಯವಾಗಿ ಎಂ.ಎಸ್ಸಿ. ಪ್ರಾಜೆಕ್ಟಿಗಾಗಿಯೋ ಪಿಎಚ್‌.ಡಿ.ಯ ಮೊದಲ ವರ್ಷದಲ್ಲೋ ಈ ಕೆಲಸಕ್ಕೆ ಕೈ ಹಾಕುವವರಿಗೆ. ಅಂಗಾಂಶ ಕೃಷಿಯ ಮೊದಲ ಪಾಠಗಳು, ಅಂದರೆ ಆಟೋಕ್ಲೇವ್ ನಡೆಸುವುದು, ಲ್ಯಾಮಿನಾರ್ ಫ್ಲೋ ಮುಂದೆ ಕೂತು ಕೆಲಸ ಮಾಡುವುದು ನಿಮಗೆ ಗೊತ್ತಿದೆ ಎಂದು ಭಾವಿಸಿದ್ದೇನೆ. ಮೊದಲೇ ಒಂದು ಮಾತು: ಸೋಂಕು ತಗುಲಿಸುವುದು ಒಂದು ಮಧ್ಯಾಹ್ನದ ಕೆಲಸ. ಆಮೇಲಿನ ಎರಡು ಮೂರು ತಿಂಗಳು ಬ್ಯಾಕ್ಟೀರಿಯಾವನ್ನು ತೊಲಗಿಸುವುದು, ಒಂದೊಂದು ಬೇರನ್ನೂ ಪ್ರತ್ಯೇಕವಾಗಿ ಕಾಯುವುದು, ಇವೆರಡೇ ನಿಜವಾದ ಕೆಲಸ. ಬಹುಪಾಲು ಪ್ರಾಜೆಕ್ಟುಗಳು ಕೈಕೊಡುವುದೂ ಅಲ್ಲಿಯೇ.

ಬೇರು ಹೀಗೇಕೆ ಬೆಳೆಯುತ್ತದೆ

ಅಗ್ರೊಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಈಗಿನ ವರ್ಗೀಕರಣದಲ್ಲಿ ರೈಜೋಬಿಯಂ ರೈಜೋಜೀನ್ಸ್ ಎಂಬ ಹೆಸರಿದೆ. ಅದರೊಳಗೆ ಆರ್‌ಐ ಎಂಬ ದೊಡ್ಡ ಪ್ಲಾಸ್ಮಿಡ್, ಅಂದರೆ ವರ್ಣತಂತುವಿನಿಂದ ಪ್ರತ್ಯೇಕವಾದ ಡಿಎನ್‌ಎ ಉಂಗುರ, ಇದೆ. ಗಿಡಕ್ಕೆ ಗಾಯವಾದಾಗ ಸೋರುವ ಫೀನಾಲ್ ಜಾತಿಯ ರಾಸಾಯನಿಕಗಳು ಈ ಬ್ಯಾಕ್ಟೀರಿಯಾವನ್ನು ಎಬ್ಬಿಸುತ್ತವೆ. ಆಗ ಅದು ತನ್ನ ಪ್ಲಾಸ್ಮಿಡ್‌ನ ಟಿ-ಡಿಎನ್‌ಎ ಎಂಬ ತುಣುಕನ್ನು ಗಿಡದ ಕೋಶದೊಳಕ್ಕೆ ಸಾಗಿಸುತ್ತದೆ. ಆ ತುಣುಕು ಗಿಡದ ವರ್ಣತಂತುವಿನಲ್ಲಿಯೇ ಹೋಗಿ ಸೇರಿಕೊಳ್ಳುತ್ತದೆ ಎಂಬುದನ್ನು ಮೇರಿ-ಡೆಲ್ ಚಿಲ್ಟನ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು. ತುಣುಕಿನಲ್ಲಿರುವ ರೋಲ್ ಎ, ಬಿ, ಸಿ, ಡಿ ಎಂಬ ಜೀನ್‌ಗಳು ಕೋಶವನ್ನು ಬೇರಾಗುವ ದಾರಿಗೆ ಹಚ್ಚುತ್ತವೆ. ಹಾಗಾಗಿ ಇಂಥ ಬೇರಿಗೆ ಹೊರಗಿನಿಂದ ಆಕ್ಸಿನ್ ಮುಂತಾದ ಹಾರ್ಮೋನ್ ಬೇಕಿಲ್ಲ. ಬರಿಯ ಲವಣ, ವಿಟಮಿನ್, ಸಕ್ಕರೆ ಕೊಟ್ಟರೆ ಸಾಕು, ತಾಯಿಗಿಡದಿಂದ ಕತ್ತರಿಸಿದ ಮೇಲೂ ವರ್ಷಗಟ್ಟಲೆ ಬೆಳೆಯುತ್ತದೆ.

ಟಿ-ಡಿಎನ್‌ಎ ವರ್ಣತಂತುವಿನ ಯಾವ ಜಾಗದಲ್ಲಿ ಕೂರುತ್ತದೆ, ಎಷ್ಟು ಪ್ರತಿಗಳಾಗಿ ಕೂರುತ್ತದೆ ಎಂಬುದು ಪ್ರತಿ ಸಲವೂ ಬೇರೆ. ಒಂದೇ ಎಲೆಯಿಂದ ಹೊರಟ ಎರಡು ಬೇರುಗಳು ಅಕ್ಕತಂಗಿಯರಂತೆ ಕಂಡರೂ ಬೆಳವಣಿಗೆಯ ವೇಗದಲ್ಲಿ, ಔಷಧೀಯ ರಾಸಾಯನಿಕದ ಪ್ರಮಾಣದಲ್ಲಿ ಅಜಗಜಾಂತರ ಇರಬಹುದು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಅಶ್ವಗಂಧವೇ ಏಕೆ

ಹಿರೇಮದ್ದು ಎಂದು ಕರೆಯುವ ಈ ಪೊದೆಯಲ್ಲಿ ನಮಗೆ ಬೇಕಾದದ್ದು ಬೇರು. ಅದರ ಸತ್ವಕ್ಕೆ ವಿಥನೊಲೈಡ್ ಎಂಬ ಸ್ಟೀರಾಯ್ಡ್ ಗುಂಪಿನ ರಾಸಾಯನಿಕಗಳು ಕಾರಣ. ಅವುಗಳಲ್ಲಿ ವಿಥನೊಲೈಡ್ ಎ ಬೇರಿನಲ್ಲಿ ಹೆಚ್ಚು, ವಿಥಾಫೆರಿನ್ ಎ ಎಲೆಯಲ್ಲಿ ಹೆಚ್ಚು. ಹೊಲದಲ್ಲಿ ಬೇರು ಕೀಳಲು ಬಿತ್ತಿದ ಮೇಲೆ ಐದಾರು ತಿಂಗಳು ಕಾಯಬೇಕು, ಗಿಡವನ್ನೇ ಬುಡಸಮೇತ ಕಿತ್ತುಹಾಕಬೇಕು. ಫ್ಲಾಸ್ಕಿನಲ್ಲಾದರೆ ನಾಲ್ಕರಿಂದ ಆರು ವಾರಕ್ಕೊಂದು ಕೊಯ್ಲು. ಹಾಗೆಂದು ಇದು ರೈತನ ಬೆಳೆಗೆ ಬದಲಿ ಎಂದು ನಾನು ಹೇಳುವುದಿಲ್ಲ. ಸಕ್ಕರೆ, ವಿದ್ಯುತ್, ಶುಚಿತ್ವ ಎಲ್ಲಕ್ಕೂ ಖರ್ಚಿದೆ. ಸತ್ವ ಗಿಡದೊಳಗೆ ಹೇಗೆ ತಯಾರಾಗುತ್ತದೆ ಎಂದು ತಿಳಿಯುವುದಕ್ಕೆ, ಮಳೆ ಬಿಸಿಲಿನ ಹಂಗಿಲ್ಲದೆ ಒಂದೇ ಸಮನಾದ ಬೇರನ್ನು ಪಡೆಯುವುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ನಮ್ಮ ರಾಜ್ಯಕ್ಕೂ ಈ ವಿಷಯಕ್ಕೂ ನೇರ ನಂಟಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರು ಹೊರಗಿನ ಸಂಶೋಧಕರ ಜೊತೆಗೂಡಿ, ಆರ್1601 ಎಂಬ ತಳಿಯ ಬ್ಯಾಕ್ಟೀರಿಯಾದಿಂದ ಅಶ್ವಗಂಧದ ರೋಮಬೇರು ಬೆಳೆಸಿ ವಿಥನೊಲೈಡ್ ಎ ಅಳೆದ ಕೆಲಸ 2008ರಲ್ಲಿ ಪ್ರಕಟವಾಗಿದೆ. ಅವರ ಬೇರುಗಳಲ್ಲಿ ಸೋಂಕಿಲ್ಲದ ಬೇರಿಗಿಂತ ಎರಡೂವರೆ ಪಟ್ಟಿಗೂ ಮಿಗಿಲಾದ ವಿಥನೊಲೈಡ್ ಎ ಸಿಕ್ಕಿತ್ತು.

ಮೊದಲ ಹೆಜ್ಜೆ: ಅನುಮತಿ, ಬ್ಯಾಕ್ಟೀರಿಯಾ, ಬೀಜ

ರೋಮಬೇರು ಎಂದರೆ ಹೊರಗಿನ ಜೀನ್ ಸೇರಿದ ಸಸ್ಯಭಾಗ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳ ಪ್ರಕಾರ ಇಂಥ ಕೆಲಸ ಮಾಡುವ ಸಂಸ್ಥೆಗಳಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರುತ್ತದೆ. ಕೆಲಸ ಶುರುವಾಗುವ ಮೊದಲೇ ಅದರ ಮುಂದೆ ವಿವರ ಇಡಿ. ಬ್ಯಾಕ್ಟೀರಿಯಾವನ್ನು ಪಕ್ಕದ ಪ್ರಯೋಗಾಲಯದಿಂದ ಕೈಬದಲು ತರುವುದಕ್ಕಿಂತ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯ ಎಂಟಿಸಿಸಿಯಂಥ ಕಡೆಯಿಂದ ಸಂಖ್ಯೆ ಸಮೇತ ತರಿಸಿಕೊಳ್ಳಿ. ಎ4, 15834, ಎಲ್‌ಬಿಎ 9402 ಮುಂತಾದವು ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಳಿಗಳು. ಸಾಧ್ಯವಾದರೆ ಎರಡು ತಳಿ ಇಟ್ಟುಕೊಳ್ಳಿ, ಒಂದು ಒಲಿಯದಿದ್ದರೆ ಇನ್ನೊಂದು ಒಲಿಯುತ್ತದೆ.

ಬೀಜ ಆ ವರ್ಷದ್ದೇ ಆಗಿರಲಿ. ಕಾಗದದ ಬುರುಡೆಯಂಥ ಒಣ ಪುಷ್ಪಪಾತ್ರೆಯೊಳಗೆ ಕೆಂಪು ಹಣ್ಣು, ಅದರೊಳಗೆ ಮೂತ್ರಪಿಂಡದ ಆಕಾರದ ಪುಟ್ಟ ಹಳದಿ ಬೀಜಗಳು. ಹಳೆಯದಾದಷ್ಟೂ ಮೊಳೆಯುವುದು ಕಡಿಮೆ. ಪೋಷಿತಾ, ಜವಾಹರ್ 20 ಮುಂತಾದ ಹೆಸರಿರುವ ತಳಿಯ ಬೀಜವನ್ನೇ ಆರಿಸಿ, ಕೊನೆಯವರೆಗೂ ಅದನ್ನೇ ಬಳಸಿ. ಗ್ರಂಥಿಗೆ ಅಂಗಡಿಯ ಲಕೋಟೆ ಬಿಡಿಸಿ ಶುರು ಮಾಡಿದರೆ ಕೊನೆಗೆ ಬಂದ ವ್ಯತ್ಯಾಸ ಬ್ಯಾಕ್ಟೀರಿಯಾದ್ದೋ ಬೀಜದ್ದೋ ಎಂದು ಹೇಳಲು ಬರುವುದಿಲ್ಲ.

ಶುದ್ಧ ಸಸಿ ಬೆಳೆಸುವುದು

ಬೀಜವನ್ನು ಸೋಪಿನ ನೀರಿನಲ್ಲಿ ಉಜ್ಜಿ, ಹರಿಯುವ ನೀರಿಗೆ ಅರ್ಧ ಗಂಟೆ ಹಿಡಿಯಿರಿ. ಅಂಟಿಕೊಂಡ ಹಣ್ಣಿನ ತಿರುಳು ಪೂರ್ತಿ ಹೋಗಬೇಕು, ಬೂಷ್ಟಿಗೆ ಅದೇ ಆಹಾರ. ಬೀಜಕ್ಕೆ ಜಡತೆ ಇರುವುದರಿಂದ ಒಂದು ರಾತ್ರಿ ಜಿಬ್ಬರೆಲಿಕ್ ಆಮ್ಲದಲ್ಲಿ ನೆನೆಸಿದರೆ ಬೇಗ ಒಡೆಯುತ್ತದೆ. ಲೀಟರಿಗೆ 500 ಮಿ.ಗ್ರಾಂ ಪ್ರಮಾಣ ಸಾಕು. ಆಮೇಲೆ ಲ್ಯಾಮಿನಾರ್ ಫ್ಲೋ ಒಳಗೆ ಶೇ 70ರ ಎಥನಾಲ್‌ನಲ್ಲಿ ಅರ್ಧ ನಿಮಿಷ, ಟ್ವೀನ್ 20ರ ಒಂದು ಹನಿ ಬೆರೆಸಿದ ಶೇ 2ರ ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ ಹತ್ತರಿಂದ ಹದಿನೈದು ನಿಮಿಷ, ಕೊನೆಗೆ ಕ್ರಿಮಿಶುದ್ಧ ನೀರಿನಲ್ಲಿ ಐದು ಸಲ ತೊಳೆಯಿರಿ. ಮರ್ಕ್ಯುರಿಕ್ ಕ್ಲೋರೈಡ್ ಬಳಸುವವರು ಇನ್ನೂ ಇದ್ದಾರೆ. ಪಾದರಸದ ತೊಳೆನೀರನ್ನು ಎಲ್ಲಿ ಚೆಲ್ಲುತ್ತೀರಿ? ಹೈಪೊಕ್ಲೋರೈಟ್‌ನಿಂದ ಕೆಲಸ ಆಗುವಾಗ ಅದನ್ನು ಮುಟ್ಟಲೇಬೇಡಿ.

ಬೀಜಗಳನ್ನು ಅರ್ಧ ಬಲದ ಎಂಎಸ್ ಮಾಧ್ಯಮದ ಮೇಲೆ ಇಡಿ. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಕೊಟ್ಟ ಈ ಸೂತ್ರ ಇಂದಿಗೂ ಅಂಗಾಂಶ ಕೃಷಿಯ ಅನ್ನ ಸಾರು. ಪಿಎಚ್ 5.8, ಅಗರ್ ಶೇ 0.8, ಆಟೋಕ್ಲೇವ್ 121 ಡಿಗ್ರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ. ಹಾರ್ಮೋನ್ ಯಾವುದೂ ಬೇಡ. ನಾಲ್ಕರಿಂದ ಆರು ವಾರದ ಸಸಿಯ ಮೇಲಿನ ಎಳೆಯ, ಪೂರ್ತಿ ಬಿಚ್ಚಿದ ಎಲೆಗಳು ಸೋಂಕಿಗೆ ಸರಿಯಾದವು. ಬೀಜದಳದ ಎಲೆಯೂ ಒಳ್ಳೆಯದೇ. ಹಳದಿಗೆ ತಿರುಗುತ್ತಿರುವ ಎಲೆಯಿಂದ ಏನನ್ನೂ ನಿರೀಕ್ಷಿಸಬೇಡಿ.

ಸೋಂಕು ತಗುಲಿಸುವ ದಿನ

ಎರಡು ದಿನ ಮೊದಲೇ ಬ್ಯಾಕ್ಟೀರಿಯಾವನ್ನು ವೈಎಂಬಿ ಮಾಧ್ಯಮದಲ್ಲಿ ಎಬ್ಬಿಸಿ. ಲೀಟರಿಗೆ ಮ್ಯಾನಿಟಾಲ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 0.4 ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ 0.5 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.2 ಗ್ರಾಂ, ಉಪ್ಪು 0.1 ಗ್ರಾಂ, ಪಿಎಚ್ 7. ತಾಪ 26ರಿಂದ 28 ಡಿಗ್ರಿ, ಶೇಕರ್ ನಿಮಿಷಕ್ಕೆ 180 ಸುತ್ತು. ಮೂವತ್ತು ಡಿಗ್ರಿ ದಾಟದಂತೆ ನೋಡಿಕೊಳ್ಳಿ, ಬೇಸಿಗೆಯಲ್ಲಿ ಎಸಿ ಕೆಟ್ಟ ಕೋಣೆಯಲ್ಲಿ ಈ ಕೆಲಸ ಆಗುವುದಿಲ್ಲ. ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 600 ನ್ಯಾನೊಮೀಟರಿಗೆ 0.6ರಿಂದ 0.8 ಬಂದಾಗ ಸೆಂಟ್ರಿಫ್ಯೂಜ್ ಮಾಡಿ, ತಳಕ್ಕೆ ಕೂತದ್ದನ್ನು ದ್ರವ ಎಂಎಸ್‌ನಲ್ಲಿ ಮತ್ತೆ ಕಲಸಿ. ಅದಕ್ಕೆ 100 ಮೈಕ್ರೊಮೋಲಾರ್ ಅಸಿಟೊಸಿರಿಂಗೋನ್ ಬೆರೆಸಿ. ಗಾಯಗೊಂಡ ಗಿಡ ಸೂಸುವ ಫೀನಾಲ್‌ಗಳಲ್ಲಿ ಇದೂ ಒಂದು. ಬ್ಯಾಕ್ಟೀರಿಯಾದ ಸಾಗಾಟದ ಜೀನ್‌ಗಳನ್ನು ಇದು ಚಾಲೂ ಮಾಡುತ್ತದೆ. ಒಂದು ಮಿ.ಲೀ. ಡಿಎಂಎಸ್‌ಒನಲ್ಲಿ 19.6 ಮಿ.ಗ್ರಾಂ ಕರಗಿಸಿಟ್ಟುಕೊಂಡರೆ, ಲೀಟರಿಗೆ ಆ ಒಂದು ಮಿ.ಲೀ. ಹಾಕಿದಾಗ ಲೆಕ್ಕ ಸರಿಯಾಗುತ್ತದೆ.

ಎಲೆಯನ್ನು ಒಂದು ಸೆಂಟಿಮೀಟರಿನ ತುಂಡುಗಳಾಗಿ, ಪ್ರತಿ ತುಂಡಿನಲ್ಲೂ ನಡುನರ ಬರುವಂತೆ ಕತ್ತರಿಸಿ. ನಡುನರದ ಮೇಲೆ ಸೂಜಿಯಿಂದ ನಾಲ್ಕೈದು ಕಡೆ ಚುಚ್ಚಿ. ಅಲ್ಲಿನ ವಾಹಕ ಅಂಗಾಂಶದ ಪಕ್ಕದ ಕೋಶಗಳೇ ಬೇರೊಡೆಯಲು ಸಿದ್ಧವಾಗಿರುತ್ತವೆ. ಎಲೆಯ ತೆಳು ಅಂಚಿನಲ್ಲಿ ಚುಚ್ಚಿದರೆ ಅಷ್ಟು ಪ್ರಯೋಜನವಿಲ್ಲ. ತುಂಡುಗಳನ್ನು ಬ್ಯಾಕ್ಟೀರಿಯಾ ದ್ರವದಲ್ಲಿ ಹದಿನೈದು ನಿಮಿಷ ಮೆಲ್ಲನೆ ಅಲ್ಲಾಡಿಸಿ, ತೆಗೆದು ಕ್ರಿಮಿಶುದ್ಧ ಫಿಲ್ಟರ್ ಕಾಗದದ ಮೇಲೆ ಒತ್ತಿ ಆರಿಸಿ. ಈ ಆರಿಸುವುದರಲ್ಲಿ ಅವಸರ ಬೇಡ. ತುಂಡಿನ ಅಡಿಯಲ್ಲಿ ಒಂದು ಹನಿ ಉಳಿದರೂ ಎರಡೇ ದಿನದಲ್ಲಿ ಅದರ ಸುತ್ತ ಬ್ಯಾಕ್ಟೀರಿಯಾದ ಲೋಳೆ ಉಂಗುರ ಕಟ್ಟುತ್ತದೆ. ಆಮೇಲೆ ಹಾರ್ಮೋನ್ ಇಲ್ಲದ ಎಂಎಸ್ ತಟ್ಟೆಯಲ್ಲಿ ಇಟ್ಟು 25 ಡಿಗ್ರಿಯ ಕತ್ತಲಿನಲ್ಲಿ ಎರಡು ದಿನ ಬಿಡಿ. ಮೂರು ದಿನ ಮೀರಕೂಡದು.

ಇದೇ ದಿನ ಇಪ್ಪತ್ತು ತುಂಡುಗಳನ್ನು ಬ್ಯಾಕ್ಟೀರಿಯಾ ಇಲ್ಲದ ದ್ರವದಲ್ಲಿ ಅದ್ದಿ, ಮಿಕ್ಕೆಲ್ಲವನ್ನೂ ಹಾಗೆಯೇ ಮಾಡಿ. ಕೆಲವು ಎಲೆಗಳು ತಾವಾಗಿಯೇ ಬೇರು ಬಿಡಬಲ್ಲವು. ಈ ಹೋಲಿಕೆಯ ತಟ್ಟೆ ಇಲ್ಲದಿದ್ದರೆ ನಿಮ್ಮ ಬೇರಿನ ಬಗ್ಗೆ ಯಾರಾದರೂ ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ಬ್ಯಾಕ್ಟೀರಿಯಾವನ್ನು ತೊಲಗಿಸುವುದು

ತನ್ನ ಕೆಲಸ ಮುಗಿಸಿದ ಬ್ಯಾಕ್ಟೀರಿಯಾ ಇನ್ನು ಬೇಡ. ಇದಕ್ಕೆ ಸೆಫೊಟ್ಯಾಕ್ಸಿಮ್ ಎಂಬ ಆ್ಯಂಟಿಬಯಾಟಿಕ್. ಔಷಧ ಅಂಗಡಿಯಲ್ಲಿ ಸಿಗುವ ಒಂದು ಗ್ರಾಂ ಇಂಜೆಕ್ಷನ್ ವಯಲ್ ಈ ಕೆಲಸಕ್ಕೆ ಆಗುತ್ತದೆ. ಹತ್ತು ಮಿ.ಲೀ. ಕ್ರಿಮಿಶುದ್ಧ ನೀರಿನಲ್ಲಿ ಕರಗಿಸಿದರೆ ಮಿ.ಲೀ.ಗೆ 100 ಮಿ.ಗ್ರಾಂ ಆಯಿತು, ಅದರಲ್ಲಿ 5 ಮಿ.ಲೀ. ತೆಗೆದು ಒಂದು ಲೀಟರ್ ಮಾಧ್ಯಮಕ್ಕೆ ಹಾಕಿದರೆ ಲೀಟರಿಗೆ 500 ಮಿ.ಗ್ರಾಂ. ಇದನ್ನು ಆಟೋಕ್ಲೇವ್ ಮಾಡುವಂತಿಲ್ಲ. ಮಾಧ್ಯಮದ ಸೀಸೆಯನ್ನು ಅಂಗೈಯಲ್ಲಿ ಹಿಡಿದುಕೊಳ್ಳುವಷ್ಟು ಆರಿದಾಗ ಬೆರೆಸಿ, ಕೂಡಲೇ ತಟ್ಟೆಗೆ ಸುರಿಯಿರಿ.

ತುಂಡುಗಳನ್ನು ಮೊದಲು ಇದೇ ಔಷಧ ಬೆರೆಸಿದ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಒತ್ತಿ ಆರಿಸಿ, ತಟ್ಟೆಯಲ್ಲಿಡಿ. ಮಾಧ್ಯಮದಲ್ಲಿ ಸೆಫೊಟ್ಯಾಕ್ಸಿಮ್ ದಿನ ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ತಪ್ಪಿದರೆ ಹತ್ತು ದಿನಕ್ಕೊಮ್ಮೆ ಹೊಸ ತಟ್ಟೆಗೆ ಬದಲಿಸಲೇಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಬ್ಬಕ್ಕೆ ಊರಿಗೆ ಹೋಗುವುದಿದ್ದರೆ ಸ್ನೇಹಿತರಿಗೆ ವಹಿಸಿ ಹೋಗಿ. ದಸರೆ ರಜೆ ಮುಗಿಸಿ ಬಂದು ನೋಡಿದಾಗ ಮೂವತ್ತು ತಟ್ಟೆಗಳ ತುಂಬ ಗಂಜಿಯಂಥ ಪೊರೆ ಹರಡಿದ್ದನ್ನು ನಾನು ಕಂಡಿದ್ದೇನೆ. ಆ ಬೇರುಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲು ಆಗಲಿಲ್ಲ.

ಬೇರು ಎರಡರಿಂದ ಮೂರು ಸೆಂಟಿಮೀಟರ್ ಆದಾಗ ತುದಿ ಸಮೇತ ಕತ್ತರಿಸಿ ಬೇರೆ ತಟ್ಟೆಗೆ ಹಾಕಿ. ಎಲೆಯ ತುಂಡಿನಿಂದ ದೂರವಾದಷ್ಟೂ ಬೇರು ಬೇಗ ಶುದ್ಧವಾಗುತ್ತದೆ. ಮುಂದಿನ ಪ್ರತಿ ಬದಲಾವಣೆಯಲ್ಲೂ ಬೆಳೆದ ತುದಿಯನ್ನು ಮಾತ್ರ ಮುಂದೆ ಒಯ್ಯಿರಿ, ಹಳೆಯ ಬುಡವನ್ನು ಬಿಡಿ. ಔಷಧವನ್ನು 500ರಿಂದ 250ಕ್ಕೆ, 100ಕ್ಕೆ, ಕೊನೆಗೆ ಸೊನ್ನೆಗೆ ಇಳಿಸಿ. ಸೊನ್ನೆಗೆ ಬಂದ ಮೇಲೆ ಬೇರಿನ ಒಂದು ತುಂಡನ್ನು ಅರೆದು ವೈಎಂಬಿ ತಟ್ಟೆಯ ಮೇಲೆ ಎಳೆದು, 28 ಡಿಗ್ರಿಯಲ್ಲಿ ಒಂದು ವಾರ ಇಡಿ. ಏನೂ ಬೆಳೆಯದಿದ್ದರೆ ಮಾತ್ರ ಶುದ್ಧವೆನ್ನಿ. ಔಷಧ ನಿಂತ ಮೇಲೆ ಎರಡು ತಿಂಗಳಿಗೆ ಬ್ಯಾಕ್ಟೀರಿಯಾ ತಲೆ ಎತ್ತಿದ್ದೂ ಉಂಟು. ಹಾಗಾಗಿ ಈ ಪರೀಕ್ಷೆಯನ್ನು ಎರಡು ಮೂರು ತಲೆಮಾರು ಮತ್ತೆ ಮಾಡಿ.

ಒಂದು ಬೇರು, ಒಂದು ಹೆಸರು

ನಮ್ಮಲ್ಲಿ ಶುರುವಿನ ದಿನಗಳಲ್ಲಿ ಮೂರು ಎಲೆಗಳಿಂದ ಬಂದ ಬೇರುಗಳನ್ನು ಒಂದೇ ಫ್ಲಾಸ್ಕಿಗೆ ಹಾಕಿ ಬೆಳೆಸಿದ್ದೆವು. ತೂಕ ಚೆನ್ನಾಗಿ ಬಂತು. ವಿಥನೊಲೈಡ್ ಮಾತ್ರ ಒಂದು ಸಲ ಹೆಚ್ಚು, ಮುಂದಿನ ಸಲ ಅರ್ಧಕ್ಕಿಂತ ಕಡಿಮೆ. ಬೇಗ ಬೆಳೆಯುವ ಬೇರು ನಿಧಾನದ್ದನ್ನು ಹೊಸ ಮಾಧ್ಯಮಕ್ಕೆ ಬದಲಿಸಿದ ಪ್ರತಿ ಸಲವೂ ಇನ್ನಷ್ಟು ಹಿಂದೆ ಹಾಕುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆರು ತಿಂಗಳ ಅಂಕಿಗಳನ್ನು ಬದಿಗಿಡಬೇಕಾಯಿತು.

ಅಂದಿನಿಂದ ನಮ್ಮ ಪದ್ಧತಿ ಹೀಗಿದೆ: ಒಂದು ಗಾಯದಿಂದ ಬಂದ ಒಂದು ಬೇರಿಗೆ ಒಂದೇ ಸಂಖ್ಯೆ. ಎಂಟನೆಯ ಎಲೆಯ ಎರಡನೆಯ ಬೇರು ಎಂದರೆ 8-2. ತಟ್ಟೆಯ ಮುಚ್ಚಳದ ಮೇಲಲ್ಲ, ತಳದ ಮೇಲೆ ಬರೆಯಿರಿ. ಮುಚ್ಚಳಗಳು ಅದಲು ಬದಲಾಗುತ್ತವೆ. ಪ್ರತಿ ಸಂಖ್ಯೆಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ: ಯಾವಾಗ ಕತ್ತರಿಸಿದ್ದು, ಎಷ್ಟು ಕವಲು, ಬಣ್ಣ ಏನು, ಗಂಟು ಕಟ್ಟಿತೇ. ಹೀಗೆ ಒಂದೇ ಬೇರಿನಿಂದ ಮುಂದುವರಿಯುವ ಪೀಳಿಗೆಗೆ ಸಾಲು ಎನ್ನುತ್ತೇವೆ. ಹತ್ತು ಹದಿನೈದು ಸಾಲುಗಳಿಂದ ಶುರು ಮಾಡಿ ಬೆಳವಣಿಗೆ ನೋಡಿ ಮೂರು ನಾಲ್ಕಕ್ಕೆ ಇಳಿಸಿಕೊಳ್ಳಿ. ಕಣ್ಣಿಗೆ ಚೆಂದ ಕಾಣುವ, ದಟ್ಟ ಕವಲಿನ ಬೇರನ್ನೇ ಆರಿಸಬೇಕು ಅನಿಸುತ್ತದೆ. ಸತ್ವ ಅಳೆಯುವ ತನಕ ನಿಧಾನದ ಸಾಲುಗಳನ್ನೂ ಎಸೆಯಬೇಡಿ.

ಇದು ನಿಜವಾಗಿ ರೋಮಬೇರೇ?

ನೋಟ ಸಾಲದು, ಪಿಸಿಆರ್ ಬೇಕು, ಅಂದರೆ ಬೇಕಾದ ಜೀನನ್ನು ಅಸಂಖ್ಯ ಪ್ರತಿ ಮಾಡಿ ಜೆಲ್‌ನಲ್ಲಿ ಪಟ್ಟಿಯಾಗಿ ತೋರಿಸುವ ಪರೀಕ್ಷೆ. ಬೇರಿನಿಂದ ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನದಲ್ಲಿ ಡಿಎನ್‌ಎ ತೆಗೆಯಿರಿ; ಫೀನಾಲ್‌ಗಳಿಂದ ದ್ರಾವಣ ಕಂದಾಗದಂತೆ ಅವನ್ನು ಹಿಡಿದಿಡುವ ಪಿವಿಪಿ ಪುಡಿ ಸೇರಿಸಿ. ರೋಲ್ ಬಿ ಅಥವಾ ರೋಲ್ ಸಿ ಜೀನಿನ ಪಟ್ಟಿ ಕಾಣಬೇಕು. ಇಲ್ಲಿಗೆ ನಿಲ್ಲಿಸಿದರೆ ಸಾಕ್ಷ್ಯ ಅರ್ಧ ಮಾತ್ರ, ಏಕೆಂದರೆ ಬೇರಿನ ಮೈಗಂಟಿದ ಬ್ಯಾಕ್ಟೀರಿಯಾದಿಂದಲೂ ಅದೇ ಪಟ್ಟಿ ಬರುತ್ತದೆ. ಅದಕ್ಕೇ ವಿರ್ ಡಿ2 ಜೀನನ್ನೂ ಹುಡುಕಿ. ಅದು ಟಿ-ಡಿಎನ್‌ಎಯ ಹೊರಗಿದೆ, ಗಿಡಕ್ಕೆ ದಾಟುವುದಿಲ್ಲ. ರೋಲ್ ಬಿ ಇದ್ದು ವಿರ್ ಡಿ2 ಇಲ್ಲದಿದ್ದರೆ ಬೇರಿನೊಳಗೆ ಜೀನ್ ಸೇರಿದೆ, ಬ್ಯಾಕ್ಟೀರಿಯಾ ಹೋಗಿದೆ. ಎರಡೂ ಇದ್ದರೆ ಸೆಫೊಟ್ಯಾಕ್ಸಿಮ್ ತಟ್ಟೆಗೆ ವಾಪಸ್. ಜೆಲ್‌ನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ, ಸೋಂಕಿಲ್ಲದ ಸಸಿಯ ಬೇರಿನ ಡಿಎನ್‌ಎ, ಬರಿಯ ನೀರು, ಈ ಮೂರೂ ಪಕ್ಕದಲ್ಲಿರಲಿ.

ಫ್ಲಾಸ್ಕಿಗೆ ಇಳಿಸುವುದು

250 ಮಿ.ಲೀ. ಫ್ಲಾಸ್ಕಿನಲ್ಲಿ 50 ಮಿ.ಲೀ. ದ್ರವ ಎಂಎಸ್, ಲೀಟರಿಗೆ 30 ಗ್ರಾಂ ಸಕ್ಕರೆ. ಧಾರವಾಡದ ಕೆಲಸದಲ್ಲಿ 40 ಗ್ರಾಂ ಬಳಸಿದ್ದರು. ನೀವೂ ಎರಡನ್ನೂ ಹೋಲಿಸಿ ನೋಡಬಹುದು. ಅರ್ಧ ಗ್ರಾಂ ಹಸಿ ಬೇರು, ತುದಿಗಳು ಹೆಚ್ಚಿರುವಂತೆ. ಶೇಕರ್ ನಿಮಿಷಕ್ಕೆ 80ರಿಂದ 100 ಸುತ್ತು, 25 ಡಿಗ್ರಿ, ಕತ್ತಲು. ಇದಕ್ಕಿಂತ ಜೋರಾಗಿ ತಿರುಗಿಸಿದರೆ ಬೇರು ಜಜ್ಜಿ ಗಂಟಾಗುತ್ತದೆ.

ಮೊದಲ ವಾರ ಏನೂ ಆಗುತ್ತಿಲ್ಲ ಎನಿಸುತ್ತದೆ. ಎರಡನೆಯ ವಾರದಿಂದ ಕವಲುಗಳು ಹೆಣೆದುಕೊಂಡು ನಾಲ್ಕನೆಯ ವಾರಕ್ಕೆ ಫ್ಲಾಸ್ಕಿನ ಆಕಾರವನ್ನೇ ತಾಳಿದ ಕೆನೆಬಣ್ಣದ ಉಂಡೆ ಆಗಿರುತ್ತದೆ. ಉಂಡೆಯ ನಡುವಿಗೆ ಆಮ್ಲಜನಕ ತಲುಪದೆ ಒಳಭಾಗ ಮೊದಲು ಕಂದಾಗುತ್ತದೆ. ದ್ರವ ತಿಳಿಯಾಗಿದ್ದು ಬೇರು ಕಂದಾದರೆ ಕೊಯ್ಲು ತಡವಾಯಿತು ಎಂದರ್ಥ. ದ್ರವವೇ ಮಜ್ಜಿಗೆಯಂತೆ ಕದಡಿದ್ದರೆ ಬ್ಯಾಕ್ಟೀರಿಯಾ ಬಂದಿದೆ. ಮುಚ್ಚಳ ತೆರೆಯದೆ ಆಟೋಕ್ಲೇವ್‌ಗೆ ಕಳುಹಿಸಿ. ಬೆಳವಣಿಗೆಯ ರೇಖೆ ಬೇಕಾದರೆ ಐದು ದಿನಕ್ಕೊಮ್ಮೆ ಮೂರು ಫ್ಲಾಸ್ಕ್ ಇಳಿಸಿ, ಬೇರನ್ನು ತೊಳೆದು, ಒತ್ತಿ, ತೂಗಿ. ಕೊನೆಯ ತೂಕದಿಂದ ಮೊದಲಿನ ತೂಕ ಕಳೆದು ಮೊದಲಿನ ತೂಕದಿಂದ ಭಾಗಿಸಿ. ಅರ್ಧ ಗ್ರಾಂ 8 ಗ್ರಾಂ ಆಗಿದ್ದರೆ ಸೂಚ್ಯಂಕ 15.

ಸತ್ವ ಹೆಚ್ಚಿಸಲು ಮಿಥೈಲ್ ಜಾಸ್ಮೊನೇಟ್ ಅಥವಾ ಸ್ಯಾಲಿಸಿಲಿಕ್ ಆಮ್ಲ ಕೊಡುವ ರೂಢಿ ಇದೆ. ಗಿಡ ಇದನ್ನು ದಾಳಿಯ ಸುದ್ದಿ ಎಂದು ತಿಳಿದು ರಕ್ಷಣೆಯ ರಾಸಾಯನಿಕ ಹೆಚ್ಚಿಸುತ್ತದೆ, ಜೊತೆಗೆ ಬೆಳವಣಿಗೆ ನಿಲ್ಲಿಸುತ್ತದೆ. ಆದುದರಿಂದ ಬೇರು ಪೂರ್ತಿ ಬೆಳೆದ ಮೇಲೆ, ಕೊಯ್ಲಿಗೆ ಕೆಲವೇ ಗಂಟೆ ಅಥವಾ ದಿನಗಳ ಮೊದಲು ಕೊಡಿ. 50, 100, 150 ಮೈಕ್ರೊಮೋಲಾರ್ ಮೂರನ್ನೂ ನೋಡಿ. ಮೊದಲ ದಿನವೇ ಹಾಕಿ ಬೇರು ಬೆಳೆಯಲಿಲ್ಲ ಎಂದು ಬರುವ ವಿದ್ಯಾರ್ಥಿಗಳು ಪ್ರತಿ ವರ್ಷ ಇರುತ್ತಾರೆ.

ಅಳತೆಗೆ ಬೇರನ್ನು 40 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಸತ್ವ ಇಳಿಸಿ, 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿ, ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಡಿ. ಸಿ18 ಕಾಲಂ, 227 ನ್ಯಾನೊಮೀಟರ್. ಶುದ್ಧ ವಿಥನೊಲೈಡ್ ಎ ಮಾದರಿ ದುಬಾರಿ, ಆದರೂ ಅದಿಲ್ಲದೆ ಅಂಕಿ ಕೊಡಬೇಡಿ. ಮತ್ತೆ, ಈ ಬೇರನ್ನು ಕಷಾಯಕ್ಕೋ ಲೇಹ್ಯಕ್ಕೋ ಯಾರೂ ಬಳಸಬಾರದು. ಇದು ಪ್ರಯೋಗಾಲಯದ ವಸ್ತು, ಅಲ್ಲಿಂದ ಆಚೆ ಹೋಗಕೂಡದು; ಕಸವೂ ಆಟೋಕ್ಲೇವ್ ಆಗಿಯೇ ಹೋಗಬೇಕು.

ಆರಿಸಿದ ಪ್ರತಿ ಸಾಲಿನ ಎರಡು ತಟ್ಟೆಗಳನ್ನು ಘನ ಮಾಧ್ಯಮದಲ್ಲಿ, ಎರಡು ಬೇರೆ ಬೇರೆ ಕೋಣೆಗಳಲ್ಲಿ, ನಾಲ್ಕು ವಾರಕ್ಕೊಮ್ಮೆ ತುದಿ ಕತ್ತರಿಸಿ ಬದಲಿಸುತ್ತ ಇಟ್ಟುಕೊಳ್ಳಿ. ಎರಡೂ ತಟ್ಟೆಗಳನ್ನು ಒಂದೇ ದಿನ ಬದಲಿಸಬೇಡಿ. ಅಂದಿನ ಅಗರ್ ಕೆಟ್ಟಿದ್ದರೆ ಒಂದಾದರೂ ಉಳಿಯುತ್ತದೆ.